ಎಂ.ಎಂ. ಥಾಮಸ್

ಮಡತಿಲಪರಂಪಿಲ್ ಮಮ್ಮೆನ್ ಥಾಮಸ್ (1916–1996) ಕೇರಳದ ಮಾರ್ಥೋಮಾ ಸಭೆಗೆ ಸೇರಿದ ಕ್ರೈಸ್ತ ಚಿಂತಕ. ಇವರು ಪಾದ್ರಿಯಾಗಿರಲಿಲ್ಲ, ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಆದರೂ ಸ್ವಾತಂತ್ರ್ಯೋತ್ತರ ಭಾರತದಲ್ಲಿ ನಂಬಿಕೆಗೂ ರಾಜಕೀಯಕ್ಕೂ ಇರುವ ನಂಟನ್ನು ಇವರಷ್ಟು ಪಟ್ಟು ಹಿಡಿದು ಪ್ರಶ್ನಿಸಿದ ಕ್ರೈಸ್ತರು ವಿರಳ. ಇವರ ಮುಖ್ಯ ಕೃತಿಗಳಲ್ಲಿ ಹಲವು ಬೆಂಗಳೂರಿನಲ್ಲಿದ್ದ ವರ್ಷಗಳ ಫಲ.

ತಿರುವನಂತಪುರದಲ್ಲಿ ಪದವಿ ಮುಗಿಸಿದ ಥಾಮಸ್ ಗಾಂಧೀವಾದದಿಂದ ಮಾರ್ಕ್ಸ್‌ವಾದದ ಕಡೆಗೆ ಸರಿದರು. ಯೇಸುವನ್ನು ಮಾತ್ರ ಬಿಡಲಿಲ್ಲ. 1940ರ ದಶಕದ ಆರಂಭದಲ್ಲಿ ಎರಡು ಅರ್ಜಿ ಹಾಕಿಕೊಂಡರು: ಪಾದ್ರಿ ದೀಕ್ಷೆಗಾಗಿ ಸಭೆಗೆ ಒಂದು, ಸದಸ್ಯತ್ವಕ್ಕಾಗಿ ಕಮ್ಯುನಿಸ್ಟ್ ಪಕ್ಷಕ್ಕೆ ಇನ್ನೊಂದು. ಮಾರ್ಕ್ಸ್‌ವಾದಿ ಎಂದು ಸಭೆ ಒಲ್ಲೆನೆಂದಿತು, ಕ್ರೈಸ್ತನೆಂದು ಪಕ್ಷವೂ ಒಲ್ಲೆನೆಂದಿತು. ಈ ಪ್ರಸಂಗವನ್ನು ತಮಾಷೆಯಾಗಿ ಹೇಳುವುದುಂಟು. ಆದರೆ ಎರಡು ಹೊಸ್ತಿಲುಗಳ ನಡುವೆ ನಿಂತು ಎರಡೂ ಮನೆಗಳ ಲೆಕ್ಕ ಕೇಳುವ ಕೆಲಸವನ್ನೇ ಅವರು ಬದುಕಿಡೀ ಮಾಡಿದರು.

1947ರಲ್ಲಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಕೆಲಸಕ್ಕೆ ಜಿನೀವಾಕ್ಕೆ ಹೋದರು. 1953–54ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಒಂದು ವರ್ಷ ಕಳೆದರು. ಅಮೆರಿಕದ ಚಿಂತಕ ರೈನ್‌ಹೋಲ್ಡ್ ನೀಬೂರ್ ಅವರ ಪ್ರಭಾವ ಥಾಮಸರ ಮೇಲೆ ದಟ್ಟವಾಗಿದೆ. ಮನುಷ್ಯನ ಪಾಪ ಅವನ ಒಳ್ಳೆಯ ಕೆಲಸದಲ್ಲೂ ಅಡಗಿರುತ್ತದೆ, ಆದ್ದರಿಂದ ಎಷ್ಟೇ ನ್ಯಾಯವಾದ ಕ್ರಾಂತಿಯ ಕೈಗೂ ಅಂಕೆಯಿಲ್ಲದ ಅಧಿಕಾರ ಕೊಡಬಾರದು ಎಂಬ ಎಚ್ಚರ ಅಲ್ಲಿಂದ ಬಂದದ್ದು. ನೀಬೂರ್ ಅದನ್ನು ಬಲಿಷ್ಠ ರಾಷ್ಟ್ರವೊಂದರ ಅಹಂಕಾರಕ್ಕೆ ಕಡಿವಾಣವಾಗಿ ಬಳಸಿದರು. ಥಾಮಸ್ ಆಗಷ್ಟೇ ಎದ್ದು ನಿಲ್ಲುತ್ತಿದ್ದ ಏಷ್ಯಾದ ಜನರ ನಡುವೆ ಬಳಸಬೇಕಾಯಿತು. ರಾಷ್ಟ್ರೀಯತೆ, ಸಮತೆಯ ಹಂಬಲ ಇವೆಲ್ಲ ದೇವರ ಕೆಲಸದ ಗುರುತುಗಳು, ಆದರೆ ಅವೇ ದೇವರಾಗಿ ಕೂತರೆ ವಿಗ್ರಹಾರಾಧನೆ ಎಂಬುದು 1966ರ 'ದಿ ಕ್ರಿಶ್ಚಿಯನ್ ರೆಸ್ಪಾನ್ಸ್ ಟು ದಿ ಏಷಿಯನ್ ರೆವಲ್ಯೂಷನ್' ಕೃತಿಯ ತಿರುಳು.

ಬೆಂಗಳೂರಿನಲ್ಲಿ ಪಿ.ಡಿ. ದೇವನಂದನ್ ಅವರ ನೇತೃತ್ವದಲ್ಲಿ 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು (ಸಿಐಎಸ್‌ಆರ್‌ಎಸ್) ಆರಂಭವಾಯಿತು. 1962ರಲ್ಲಿ ದೇವನಂದನ್ ತೀರಿಕೊಂಡ ಮೇಲೆ ಥಾಮಸ್ ನಿರ್ದೇಶಕರಾಗಿ, ಎಪ್ಪತ್ತರ ದಶಕದ ಮಧ್ಯದವರೆಗೂ ಅದನ್ನು ನಡೆಸಿದರು. ಅಲ್ಲಿಂದ ಬಂದ 'ರಿಲಿಜನ್ ಅಂಡ್ ಸೊಸೈಟಿ' ಪತ್ರಿಕೆ ಅಂದಿನ ದೊಡ್ಡ ಚರ್ಚೆಗಳಿಗೆ ಕಟ್ಟೆಯಾಯಿತು.

1969ರ 'ದಿ ಅಕ್ನಾಲೆಜ್ಡ್ ಕ್ರೈಸ್ಟ್ ಆಫ್ ದಿ ಇಂಡಿಯನ್ ರೆನೈಸಾನ್ಸ್' ರಾಮಮೋಹನ ರಾಯ್, ಕೇಶವಚಂದ್ರ ಸೇನ್, ವಿವೇಕಾನಂದ, ರಾಧಾಕೃಷ್ಣನ್, ಗಾಂಧಿ ಮೊದಲಾದವರು ಯೇಸುವನ್ನು ಹೇಗೆ ಕಂಡರೆಂದು ಪರಿಶೀಲಿಸುತ್ತದೆ. ರೈಮುಂಡೊ ಪಣಿಕ್ಕರ್ ಹಿಂದೂಧರ್ಮದೊಳಗಿನ 'ಅಜ್ಞಾತ ಕ್ರಿಸ್ತ'ನ ಬಗ್ಗೆ ಬರೆದಿದ್ದರು. ಅಜ್ಞಾತನೇಕೆ, ಈ ನಾಡಿನ ಸುಧಾರಕರು ಹೆಸರು ಹಿಡಿದೇ ಅವನ ಜೊತೆ ವಾದಿಸಿದ್ದಾರಲ್ಲ ಎಂಬುದು ಥಾಮಸರ ಉತ್ತರ.

ಹೆಚ್ಚು ಬಿಸಿಯೇರಿದ್ದು 1971ರ 'ಸಾಲ್ವೇಷನ್ ಅಂಡ್ ಹ್ಯೂಮನೈಸೇಷನ್' ಸುತ್ತ. ರಕ್ಷಣೆ ಎಂಬ ಮಾತು ಭಾರತದಲ್ಲಿ ಅರ್ಥ ಪಡೆಯಬೇಕಾದರೆ ಮನುಷ್ಯರಾಗಿ ಬಾಳುವ ಹಕ್ಕಿಗಾಗಿ ಜನ ನಡೆಸುವ ಹೋರಾಟದ ನಡುವೆಯೇ ಅದನ್ನು ಆಡಬೇಕು ಎಂದರು. ಕ್ರಿಸ್ತನನ್ನು ಕೇಂದ್ರವಾಗಿಟ್ಟುಕೊಂಡ ಒಡನಾಟ ಚರ್ಚಿನ ಗೋಡೆಯಾಚೆ, ಹಿಂದೂ ಸಮಾಜದ ಒಳಗೂ ರೂಪುಗೊಳ್ಳಬಹುದು ಎಂದೂ ಸೇರಿಸಿದರು. ಆಗ ಮದರಾಸಿನ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ಇದನ್ನು ಒಪ್ಪಲಿಲ್ಲ: ಕಣ್ಣಿಗೆ ಕಾಣುವ ಒಂದು ಸಮುದಾಯವಿಲ್ಲದೆ ಕ್ರಿಸ್ತನ ಮೇಲಿನ ನಿಷ್ಠೆ ಉಳಿದೀತು ಹೇಗೆ? ಥಾಮಸರ ಮರುಪ್ರಶ್ನೆಯೂ ಅಷ್ಟೇ ನೇರ. ಭಾರತದಲ್ಲಿ ದೀಕ್ಷಾಸ್ನಾನವೆಂದರೆ ಮನಸ್ಸು ತಿರುಗುವುದು ಮಾತ್ರವಲ್ಲ. ಒಂದು ಕೋಮು ಬಿಟ್ಟು ಇನ್ನೊಂದಕ್ಕೆ ಸೇರುವುದು, ಮದುವೆ ಮತ್ತು ಆಸ್ತಿಯ ಕಾನೂನು ಬದಲಾಗುವುದು. ಚರ್ಚು ಹೀಗೆ ಜಾತಿಯಂಥ ಇನ್ನೊಂದು ಗುಂಪಾದರೆ ಸುವಾರ್ತೆಯ ಗತಿಯೇನು? ವಾದ ತೀರ್ಮಾನವಾಗಲಿಲ್ಲ. ನ್ಯೂಬಿಗಿನ್ನರ ತರ್ಕ ಹೆಚ್ಚು ಬಿಗಿಯಾಗಿದೆ. ನೆಲದ ವಾಸ್ತವ ಬಲ್ಲವರು ಮಾತ್ರ ಥಾಮಸರೇ.

ಇದೇ ಕಾಲದಲ್ಲಿ, 1968ರಿಂದ 1975ರವರೆಗೆ, ಅವರು ವಿಶ್ವ ಚರ್ಚುಗಳ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷರೂ ಆಗಿದ್ದರು. ವರ್ಣಭೇದ ವಿರೋಧಿ ಕಾರ್ಯಕ್ರಮದಡಿ ದಕ್ಷಿಣ ಆಫ್ರಿಕಾ ಭಾಗದ ವಿಮೋಚನಾ ಸಂಘಟನೆಗಳಿಗೆ ಮಂಡಳಿ ಹಣ ಕೊಟ್ಟಾಗ ಪಶ್ಚಿಮದ ಹಲವು ಚರ್ಚುಗಳು ಸಿಡಿದೆದ್ದವು.

ತುರ್ತುಪರಿಸ್ಥಿತಿಯಲ್ಲಿ ಅನೇಕ ಸಭಾನಾಯಕರು ಸುಮ್ಮನಿದ್ದರು, ಕೆಲವರು ಹೊಗಳಿದರು. ಥಾಮಸ್ ಬಹಿರಂಗವಾಗಿ ವಿರೋಧಿಸಿದರು. ಆ ಬರಹಗಳು 1979ರಲ್ಲಿ 'ರೆಸ್ಪಾನ್ಸ್ ಟು ಟಿರನಿ' ಎಂದು ಪುಸ್ತಕವಾದವು. ಬಡವರಿಗೆ ಅನ್ನ ಮೊದಲು, ಸ್ವಾತಂತ್ರ್ಯ ಆಮೇಲೆ ಎಂಬ ಸಮರ್ಥನೆಯನ್ನು ಅವರು ತಿರಸ್ಕರಿಸಿದರು: ಬಾಯಿ ಕಟ್ಟಿದ ಬಡವ ಅನ್ನವನ್ನಾದರೂ ಹೇಗೆ ಕೇಳಿಯಾನು?

ಟೀಕೆ ಒಳಗಿನಿಂದಲೂ ಬಂತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಮೊಳೆಯಿತು. ಆ ನೋಟದಲ್ಲಿ ಥಾಮಸರ ನವೋದಯದ ನಾಯಕರ ಸಾಲು ಕೇರಿಯಿಂದ ದೂರವೇ ನಿಂತಿತ್ತು. ಆಕ್ಷೇಪಣೆ ನ್ಯಾಯವಾದದ್ದೇ. ತಮ್ಮ ಕೊನೆಯ ದಶಕಗಳಲ್ಲಿ ಅವರು ದಲಿತ, ಬುಡಕಟ್ಟು, ಮೀನುಗಾರರ ಚಳವಳಿಗಳತ್ತ ಹೊರಳಿದರು.

1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದರು. 1992ರಲ್ಲಿ ಮುಖ್ಯಮಂತ್ರಿ ವಾಮುಜೊ ಅವರ ಸಲಹೆಯಂತೆ, ಕೇಂದ್ರವನ್ನು ಕೇಳದೆ, ವಿಧಾನಸಭೆಯನ್ನು ವಿಸರ್ಜಿಸಿದರು. ಕೇಂದ್ರ ಸರ್ಕಾರ ರಾಷ್ಟ್ರಪತಿ ಆಡಳಿತ ಹೇರಿತು. ಥಾಮಸ್ ಆ ಏಪ್ರಿಲ್‌ನಲ್ಲೇ ಹುದ್ದೆಯಿಂದ ಇಳಿದರು. ಆಮೇಲೆ ತಿರುವಲ್ಲದ ಮನೆಯಲ್ಲಿ ಕೂತು ಮಲಯಾಳದಲ್ಲಿ ಬೈಬಲ್ ವ್ಯಾಖ್ಯಾನಗಳನ್ನು ಬರೆಯುವುದನ್ನು ಮುಂದುವರಿಸಿದರು.