ಪುಕ್ಕಟೆ ವೈಫೈ: ರೈಲು ನಿಲ್ದಾಣದಿಂದ ಗೂಡಂಗಡಿಯವರೆಗೆ

ವೈಫೈಗೆ ನಾವು ದುಡ್ಡು ಕೊಡುತ್ತಿಲ್ಲ ಎಂದರೆ ಬೇರೆ ಯಾರೋ ಕೊಡುತ್ತಿದ್ದಾರೆ ಎಂದೇ ಲೆಕ್ಕ. ಗಾಳಿಯಲ್ಲಿ ಸಾಗುವ ಅಲೆಗಳಿಗೆ ಬಾಡಿಗೆಯಿಲ್ಲ. ಖರ್ಚೆಲ್ಲ ಅದರ ಹಿಂದಿರುವ ತಂತಿಗೆ, ಕರೆಂಟಿಗೆ, ಪೆಟ್ಟಿಗೆ ಕೆಟ್ಟಾಗ ಏಣಿ ಹತ್ತುವವನ ಸಂಬಳಕ್ಕೆ. ಭಾರತದಲ್ಲಿ ಸಾರ್ವಜನಿಕ ವೈಫೈ ಹಬ್ಬಿದ್ದು, ಸೊರಗಿದ್ದು, ಆಮೇಲೆ ವೇಷ ಬದಲಿಸಿದ್ದು ಎಲ್ಲವೂ ಈ ಖರ್ಚಿನ ಸುತ್ತಲೇ.

ಪರವಾನಗಿ ಬೇಡದ ಅಲೆಗಳು

ರೇಡಿಯೋ ತರಂಗಗಳನ್ನು ಬಳಸಲು ಸಾಮಾನ್ಯವಾಗಿ ಸರ್ಕಾರದ ಪರವಾನಗಿ ಬೇಕು. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಸಾವಿರಾರು ಕೋಟಿ ಸುರಿಯುವುದು ಇದಕ್ಕೇ. ಆದರೆ 1985ರಲ್ಲಿ ಅಮೆರಿಕದ ಸಂವಹನ ಆಯೋಗವು ಮೈಕ್ರೋವೇವ್ ಒಲೆಯಂಥ ಉಪಕರಣಗಳಿಗೆಂದು ಮೀಸಲಿಟ್ಟಿದ್ದ ಕೆಲವು ಪಟ್ಟಿಗಳಲ್ಲಿ ಯಾರು ಬೇಕಾದರೂ ಪರವಾನಗಿ ಇಲ್ಲದೆ ಸಂಪರ್ಕ ಸಾಧಿಸಬಹುದೆಂದು ಬಿಟ್ಟುಕೊಟ್ಟಿತು. 2.4 ಗಿಗಾಹರ್ಟ್ಸ್ ಆಸುಪಾಸಿನ ಪಟ್ಟಿ ಅವುಗಳಲ್ಲೊಂದು. ವೈಫೈ ಹುಟ್ಟಿದ್ದು ಈ ಬಂಜರು ಜಾಗದಲ್ಲಿ. 1997ರಲ್ಲಿ ಬಂದ ಮೊದಲ ಮಾನದಂಡದ ವೇಗ ಸೆಕೆಂಡಿಗೆ 2 ಮೆಗಾಬಿಟ್ ಅಷ್ಟೆ. 1999ರಲ್ಲಿ ಅದು 11ಕ್ಕೇರಿತು, ವೈಫೈ ಎಂಬ ಹೆಸರೂ ಆಗಲೇ ಬಂತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹೊರಾಂಗಣದಲ್ಲಿಯೂ ಪರವಾನಗಿಯಿಲ್ಲದೆ ಬಳಸಲು ಅವಕಾಶ ಸಿಕ್ಕಿದ್ದು 2005ರಲ್ಲಿ.

ಬಿಟ್ಟಿ ಜಾಗವಾದ್ದರಿಂದ ನೂಕುನುಗ್ಗಲೂ ಹೆಚ್ಚು. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಹರಿಯದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಒಂದೇ ಉಪಕರಣ ಮಾತಾಡಬೇಕು, ಉಳಿದವು ಕಾಯಬೇಕು. ಮನುಷ್ಯರ ದೇಹದಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುವುದೂ ಸೇರಿದರೆ, ಜನ ತುಂಬಿದ ಜಾಗದಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಕಂಡರೂ ಪುಟ ತೆರೆಯದಿರುವುದೇಕೆಂದು ತಿಳಿಯುತ್ತದೆ.

ನಗರಗಳ ಮೊದಲ ಹುಮ್ಮಸ್ಸು

ಊರಿಗೆ ಊರನ್ನೇ ವೈಫೈ ಮಾಡುತ್ತೇವೆಂದು ಮೊದಲು ಹೊರಟವರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಹೆಸರುವಾಸಿ. 2004ರಲ್ಲಿ ಯೋಜನೆ ಘೋಷಿಸಿ, ಅರ್ಥ್‌ಲಿಂಕ್ ಕಂಪನಿಗೆ ಗುತ್ತಿಗೆ ಕೊಟ್ಟು, ದೀಪದ ಕಂಬಗಳಿಗೆಲ್ಲ ರೇಡಿಯೋ ಕಟ್ಟಿಸಿದರು. ಹೊರಗಿನ ಕಂಬದಿಂದ ಬರುವ ಅಲೆ ಮನೆಯ ಇಟ್ಟಿಗೆ ಗೋಡೆ ದಾಟಲು ಹೆಣಗಿತು. ಚಂದಾದಾರರು ನಿರೀಕ್ಷಿಸಿದಷ್ಟು ಬರಲಿಲ್ಲ. 2008ರಲ್ಲಿ ಕಂಪನಿ ಕೈತೊಳೆದುಕೊಂಡಿತು.

ಬೆಂಗಳೂರಿನ ಆಸೆ ಅಷ್ಟು ದೊಡ್ಡದಿರಲಿಲ್ಲ. 2014ರ ಜನವರಿಯಲ್ಲಿ ರಾಜ್ಯ ಸರ್ಕಾರ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಸೇರಿದಂತೆ ಆಯ್ದ ಕೆಲವು ಜಾಗಗಳಲ್ಲಿ ‘ನಮ್ಮ ವೈಫೈ’ ಆರಂಭಿಸಿತು. ಮಿತಿಯಿಟ್ಟ ಡೇಟಾ, ಸಾಧಾರಣ ವೇಗ. ಕೆಲ ಕಾಲ ನಡೆದು ಸದ್ದಿಲ್ಲದೆ ನಿಂತಿತು. ಉದ್ಘಾಟನೆಗೆ ಸಿಕ್ಕುವ ಹಣ ನಿರ್ವಹಣೆಗೆ ಸಿಕ್ಕುವುದಿಲ್ಲ ಎಂಬುದು ಕುಡಿಯುವ ನೀರಿನ ಘಟಕಗಳಿಗೆ ಹೇಗೋ ವೈಫೈಗೂ ಹಾಗೆಯೇ.

ಮುಂಬೈ ಸೆಂಟ್ರಲ್‌ನಿಂದ ದಿಬ್ರುಗಢಕ್ಕೆ

ರೈಲ್ವೆಯ ಕತೆ ಬೇರೆಯಾಗಲು ಕಾರಣ ಅದರ ಬಳಿ ಆಗಲೇ ತಂತಿ ಇತ್ತು. ಸಿಗ್ನಲ್ ಮತ್ತು ನಿಲ್ದಾಣಗಳ ನಡುವಿನ ಸಂಪರ್ಕಕ್ಕಾಗಿ ಹಳಿಗಳ ಪಕ್ಕದಲ್ಲೇ ಆಪ್ಟಿಕಲ್ ಫೈಬರ್ ಎಳೆಯಲಾಗಿತ್ತು. ಅದರಲ್ಲಿ ಮಿಕ್ಕಿದ ಸಾಮರ್ಥ್ಯವನ್ನು ಮಾರಲೆಂದು 2000ದಲ್ಲಿ ರೈಲ್‌ಟೆಲ್ ಎಂಬ ಸಾರ್ವಜನಿಕ ಕಂಪನಿ ಹುಟ್ಟಿಕೊಂಡಿತ್ತು. 2015ರ ಸೆಪ್ಟೆಂಬರಿನಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಭಾರತದ ನಿಲ್ದಾಣಗಳಿಗೆ ವೈಫೈ ತರುವುದಾಗಿ ಘೋಷಿಸಿದರು. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಸೇವೆ ಶುರುವಾಯಿತು, ಅದೇ ವರ್ಷದ ಕೊನೆಯಲ್ಲಿ ಊಟಿ ನೂರನೆಯ ನಿಲ್ದಾಣವಾಯಿತು, 2018ರ ಜೂನ್‌ನಲ್ಲಿ ಅಸ್ಸಾಮಿನ ದಿಬ್ರುಗಢ ನಾನೂರನೆಯದು.

ಸೇವೆ ಶುರುವಾದ ದಿನಗಳಲ್ಲಿ ಒಂದು ಜಿಬಿ ಮೊಬೈಲ್ ಡೇಟಾದ ಬೆಲೆ ಇನ್ನೂರು ರೂಪಾಯಿಯ ಮೇಲಿತ್ತು. ಸಿನಿಮಾ ಇಳಿಸಿಕೊಳ್ಳಲು, ಆ್ಯಪ್‌ ಅಪ್‌ಡೇಟ್‌ ಮಾಡಲು ಪ್ಲಾಟ್‌ಫಾರಂ ಟಿಕೆಟ್‌ ಕೊಂಡು ಒಳಹೋಗುವುದು ಲಾಭದ ವ್ಯವಹಾರವೇ ಆಗಿತ್ತು. ಎರ್ನಾಕುಳಂ ಜಂಕ್ಷನ್ನಿನ ಕೂಲಿಯೊಬ್ಬರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಲಗೇಜು ಹೊರುತ್ತಲೇ ಪಾಠ ಕೇಳಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದದ್ದು 2018ರಲ್ಲಿ ದೇಶದಾದ್ಯಂತ ಸುದ್ದಿಯಾಯಿತು. ನನ್ನ ಮಟ್ಟಿಗೆ ಈ ಇಡೀ ಯೋಜನೆಯ ಸಮರ್ಥನೆಗೆ ಅವರೊಬ್ಬರೇ ಸಾಕು, ಆದರೆ ಕಂಪನಿಗಳ ಲೆಕ್ಕಪತ್ರ ಹಾಗೆ ನಡೆಯುವುದಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಡೇಟಾ ದರ ಬಿದ್ದು ಹೋಯಿತು. 2020ರ ಆರಂಭದಲ್ಲಿ ಗೂಗಲ್, ಮೊಬೈಲ್ ಡೇಟಾ ಅಗ್ಗವಾಗಿರುವುದರಿಂದ ಈ ಕೆಲಸ ಮುಂದುವರಿಸುವ ಅಗತ್ಯ ಕಾಣುತ್ತಿಲ್ಲವೆಂದು ಹಿಂದೆ ಸರಿಯಿತು. ತಂತಿ ತನ್ನದೇ ಆದ್ದರಿಂದ ರೈಲ್‌ಟೆಲ್ ನಿಲ್ಲಿಸಲಿಲ್ಲ. 2021ರ ಮೇ ತಿಂಗಳಲ್ಲಿ ವೈಫೈ ಇರುವ ನಿಲ್ದಾಣಗಳ ಸಂಖ್ಯೆ ಆರು ಸಾವಿರದ ಗಡಿ ಮುಟ್ಟಿತು. ಅಷ್ಟರಲ್ಲಿ ‘ಪುಕ್ಕಟೆ’ಯ ಅರ್ಥವೂ ಕಿರಿದಾಗಿತ್ತು: ದಿನಕ್ಕೆ ಮೊದಲ ಅರ್ಧ ಗಂಟೆ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಉಚಿತ. ಹೆಚ್ಚಿನ ವೇಗ ಬೇಕಿದ್ದರೆ 10 ರೂಪಾಯಿಗೆ ಒಂದು ದಿನ, 5 ಜಿಬಿ.

ಒಟಿಪಿ ಕೇಳುವುದೇಕೆ?

ಸಾರ್ವಜನಿಕ ವೈಫೈಗೆ ಸೇರಿದೊಡನೆ ಫೋನು ಒಂದು ಗೊತ್ತಾದ ವಿಳಾಸಕ್ಕೆ ಪರೀಕ್ಷಾರ್ಥವಾಗಿ ಕೋರಿಕೆ ಕಳಿಸುತ್ತದೆ. ದಾರಿಯಲ್ಲಿ ಕೂತ ಗೇಟ್‌ವೇ ಅದನ್ನು ತಡೆದು ತನ್ನ ಲಾಗಿನ್ ಪುಟಕ್ಕೆ ತಿರುಗಿಸುತ್ತದೆ. ಅಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು, ಎಸ್‌ಎಂಎಸ್‌ನಲ್ಲಿ ಬಂದ ಒಟಿಪಿ ತುಂಬಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ಈ ಶಿಷ್ಟಾಚಾರದ ಹಿಂದೆ ಒಂದು ಕರಾಳ ಘಟನೆಯಿದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಮುಂಚೆ ಉಗ್ರರು ಕಳಿಸಿದ ಇಮೇಲ್ ಹೊರಟಿದ್ದು ನವಿ ಮುಂಬೈಯ ಯಾರದೋ ಮನೆಯ, ಪಾಸ್‌ವರ್ಡ್ ಇಲ್ಲದ ವೈಫೈನಿಂದ. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ವೈಫೈ ಬಳಸುವವರ ಗುರುತು ಪತ್ತೆಯಾಗುವಂತಿರಬೇಕು, ದಾಖಲೆ ಒಂದು ವರ್ಷ ಇಟ್ಟಿರಬೇಕು ಎಂದು ಆದೇಶಿಸಿತು. ಇದರ ಅಡ್ಡ ಪರಿಣಾಮ ವಿಚಿತ್ರ: ಯಾರ ಸಿಮ್‌ಗೆ ರೀಚಾರ್ಜ್ ಮುಗಿದು ಮೆಸೇಜೂ ಬರುತ್ತಿಲ್ಲವೋ, ಯಾರು ಭಾರತದ ಸಿಮ್ ಇಲ್ಲದೆ ಹೊರದೇಶದಿಂದ ಬಂದಿದ್ದಾರೋ, ವೈಫೈ ನಿಜಕ್ಕೂ ಬೇಕಾದ ಅವರಿಗೇ ಬಾಗಿಲು ತೆರೆಯುವುದಿಲ್ಲ.

ಅಪಾಯ ಎಷ್ಟು?

2010ರಲ್ಲಿ ಫೈರ್‌ಶೀಪ್ ಎಂಬ ಬ್ರೌಸರ್ ಸಲಕರಣೆ ಬಿಡುಗಡೆಯಾದಾಗ ಕಾಫಿ ಶಾಪಿನಲ್ಲಿ ಪಕ್ಕದವರ ಫೇಸ್‌ಬುಕ್‌ ಖಾತೆಗೆ ನುಗ್ಗುವುದು ಗುಂಡಿ ಒತ್ತಿದಷ್ಟು ಸಲೀಸೆಂದು ಜಗತ್ತಿಗೆ ಗೊತ್ತಾಯಿತು. ಆಮೇಲೆ ದೊಡ್ಡ ತಾಣಗಳು ಒಂದೊಂದಾಗಿ, ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬಂದವು. ಹಾಗಾಗಿ ಪಕ್ಕದವ ಕದ್ದು ಓದುವ ಭಯ ಇವತ್ತು ಹಿಂದಿನಷ್ಟಿಲ್ಲ. ಉಳಿದಿರುವ ದೊಡ್ಡ ಅಪಾಯ ನಕಲಿ ವೈಫೈ. ನಿಲ್ದಾಣದ ವೈಫೈಗಿರುವ ‘ರೈಲ್‌ವೈರ್’ ಎಂಬ ಹೆಸರನ್ನು ಯಾರ ಫೋನಿನ ಹಾಟ್‌ಸ್ಪಾಟ್‌ಗೂ ಇಡಬಹುದು. ಲಾಗಿನ್ ಪುಟ ಮೊಬೈಲ್ ಸಂಖ್ಯೆ ಬಿಟ್ಟು ಬ್ಯಾಂಕ್ ಪಾಸ್‌ವರ್ಡ್ ಅಥವಾ ಯುಪಿಐ ಪಿನ್ ಕೇಳಿದರೆ ಎದ್ದು ನಡೆಯುವುದೇ ಸರಿ.

ಗೂಡಂಗಡಿಯ ಡೇಟಾ ಕಚೇರಿ

2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಸರ್ಕಾರವೇ ವೈಫೈ ಹಂಚುವ ದಾರಿಯನ್ನು ಬಿಟ್ಟಿತು. ಚಹಾ ಅಂಗಡಿ, ಕಿರಾಣಿ, ಜೆರಾಕ್ಸ್ ಅಂಗಡಿ ಯಾವುದಾದರೂ ಪರವಾನಗಿಯಾಗಲಿ ನೋಂದಣಿಯಾಗಲಿ ಇಲ್ಲದೆ ಡೇಟಾ ಮಾರಬಹುದು. ಹಳೆಯ ಎಸ್‌ಟಿಡಿ ಬೂತಿನದೇ ಮಾದರಿ. ಅಂಗಡಿಯವರನ್ನು ಪಿಡಿಒ, ಅಂದರೆ ಸಾರ್ವಜನಿಕ ಡೇಟಾ ಕಚೇರಿ ಎನ್ನುತ್ತಾರೆ (ನಮ್ಮ ಪಂಚಾಯಿತಿಯ ಪಿಡಿಒ ಅಲ್ಲ!), ಹಲವು ಅಂಗಡಿಗಳ ಲಾಗಿನ್, ಲೆಕ್ಕ ನೋಡಿಕೊಳ್ಳುವ ಸಂಸ್ಥೆಗಳು ಬೇರೆ, ಕೇಂದ್ರ ದಾಖಲೆ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಬಳಿ. ಒಮ್ಮೆ ಆ್ಯಪ್‌ನಲ್ಲಿ ನೋಂದಾಯಿಸಿದರೆ ಎಲ್ಲ ಅಂಗಡಿಗಳಲ್ಲೂ ನಡೆಯಬೇಕೆಂಬುದು ಉದ್ದೇಶ. ಇದು ಪುಕ್ಕಟೆಯಲ್ಲ, ಅಗ್ಗ.

2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ 2022ರೊಳಗೆ ಒಂದು ಕೋಟಿ ಹಾಟ್‌ಸ್ಪಾಟ್‌ಗಳ ಗುರಿ ಇಟ್ಟಿತ್ತು. 2024ರ ಕೊನೆಗೆ ವಾಣಿ ಹಾಟ್‌ಸ್ಪಾಟ್‌ಗಳು ಎರಡು ಲಕ್ಷ ದಾಟಿದ್ದವು ಅಷ್ಟೆ. ಅಂಗಡಿಯವರ ದೂರು ಮತ್ತೆ ತಂತಿಯದೇ: ಮನೆಗೆ ಕೆಲವು ನೂರು ರೂಪಾಯಿಗೆ ಸಿಗುವ ಫೈಬರನ್ನು ಮಾರಾಟಕ್ಕೆಂದರೆ ಕಂಪನಿಗಳು ದುಬಾರಿ ಲೀಸ್ಡ್ ಲೈನ್ ದರದಲ್ಲಿ ಕೊಡುತ್ತಿದ್ದವು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ವಸೂಲಿ ಮಾಡಕೂಡದೆಂದು ಕಡಿವಾಣ ಹಾಕಿತು. ಫೈಬರೇ ತಲುಪದ ಹಳ್ಳಿಯ ಅಂಗಡಿಗೆ ಈ ಆದೇಶದಿಂದ ಸದ್ಯಕ್ಕೆ ಏನೂ ಬದಲಾಗುವುದಿಲ್ಲ.