ನೋವಿನ ಕೂಗು ಮತ್ತು ಆರೈಕೆಯ ಮಾನದಂಡ: ಚುಚ್ಚುಮದ್ದಿನಿಂದ ಕೈ ಕಳೆದುಕೊಂಡವರ ಎರಡು ದಾವೆಗಳು

1. ಪೀಠಿಕೆ

ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳಲ್ಲಿ ನ್ಯಾಯಾಲಯಗಳು ಮೊದಲು ಕಿವಿಗೊಡುವುದು ತಜ್ಞರ ಮಾತಿಗೆ. ಒಂದು ಚಿಕಿತ್ಸಾಕ್ರಮವನ್ನು ಅದೇ ಕ್ಷೇತ್ರದ ಹೊಣೆಯರಿತ ವೈದ್ಯರ ಒಂದು ವರ್ಗ ಸರಿಯೆಂದು ಒಪ್ಪಿದರೆ, ಅದನ್ನು ಅನುಸರಿಸಿದ ವೈದ್ಯರು ತಪ್ಪಿತಸ್ಥರಲ್ಲ ಎಂಬ ಸೂತ್ರ ಇಂಗ್ಲೆಂಡಿನ 1957ರ ಬೋಲಂ ಪ್ರಕರಣದಲ್ಲಿ ರೂಪುಗೊಂಡಿತು. ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಸೂಜಿ ಚುಚ್ಚಿದ ಗಳಿಗೆಯಲ್ಲಿ ತೋಳಿನೊಳಗೆ ಏನಾಗುತ್ತಿದೆ ಎಂಬುದು ಮೊದಲು ತಿಳಿಯುವುದು ರೋಗಿಗೆ. ರೋಗಿ ನೋವೆಂದು ಕೂಗಿದಾಗ ಸಿಬ್ಬಂದಿ ಏನು ಮಾಡಿದರು ಎಂಬ ಪ್ರಶ್ನೆ ಆರೈಕೆಯ ಮಾನದಂಡದ ನಡುವಿಗೇ ಬರಬೇಕು ಎಂಬುದು ಈ ಲೇಖನದ ವಾದ.

2. ಔಷಧದ ವರ್ತನೆ

ಮುಂದೆ ಚರ್ಚಿಸುವ ಎರಡೂ ಪ್ರಕರಣಗಳಲ್ಲಿ ಬಳಕೆಯಾದದ್ದು ಫೆನರ್ಗನ್, ಅಂದರೆ ಪ್ರೊಮೆಥಜಿನ್. ವಾಂತಿ ತಡೆಯಲು, ಮಂಪರು ಬರಿಸಲು ಕೊಡುವ ಈ ಔಷಧ ಅಂಗಾಂಶವನ್ನು ತೀವ್ರವಾಗಿ ಸುಡುವಂಥದ್ದು. ಮೊಣಕೈಯ ಒಳಮಡಿಕೆಯಲ್ಲಿ ಅಭಿಧಮನಿಯೂ ಅಪಧಮನಿಯೂ ತೀರ ಹತ್ತಿರ ಹತ್ತಿರ ಹಾಯುತ್ತವೆ. ಅಭಿಧಮನಿಗೆಂದು ಚುಚ್ಚಿದ ಮದ್ದು ಅಪಧಮನಿಗೆ ಹೊಕ್ಕರೆ ಹೃದಯದ ಕಡೆಗೆ ಹೋಗದೆ ನೇರವಾಗಿ ಬೆರಳುಗಳತ್ತ ಹರಿಯುತ್ತದೆ. ನಾಳ ಸೆಟೆದುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಚರ್ಮದ ಬಣ್ಣ ಬದಲಾಗುತ್ತದೆ, ಕೊನೆಗೆ ಗ್ಯಾಂಗ್ರೀನ್ ಆವರಿಸುತ್ತದೆ. ರೋಗಿ ನೋವೆಂದ ತಕ್ಷಣ ಚುಚ್ಚುವುದನ್ನು ನಿಲ್ಲಿಸಬೇಕೆಂದು ಔಷಧದ ಸೂಚನಾಪತ್ರವೇ ಹೇಳುತ್ತದೆ. ಹಾಗಾಗಿ ಇಲ್ಲಿ ರೋಗಿಯ ಕೂಗು ಒಂದು ವೈದ್ಯಕೀಯ ಲಕ್ಷಣ. ಜ್ವರ, ನಾಡಿಮಿಡಿತಗಳಷ್ಟೇ ಗಂಭೀರವಾಗಿ ಪರಿಗಣಿಸಬೇಕಾದದ್ದು.

3. ವರ್ಮಾಂಟ್, 2000

ಅಮೆರಿಕದ ವರ್ಮಾಂಟ್ ರಾಜ್ಯದ ಸಂಗೀತಗಾರ್ತಿಯೊಬ್ಬರು 2000ದಲ್ಲಿ ಅರೆತಲೆನೋವೆಂದು ಕ್ಲಿನಿಕ್ಕಿಗೆ ಹೋಗಿ ಈ ಚುಚ್ಚುಮದ್ದು ಪಡೆದರು. ಮೊದಲು ಅಂಗೈ, ಬಳಿಕ ಮುಂಗೈ ಕತ್ತರಿಸಬೇಕಾಯಿತು. ಕ್ಲಿನಿಕ್ ರಾಜಿಗೆ ಬಂತು; ಔಷಧ ಕಂಪನಿ ವಯೆತ್ ಮೇಲಿನ ದಾವೆ ಮುಂದುವರಿಯಿತು. ಔಷಧವನ್ನು ಸಿರಿಂಜಿನಿಂದ ನೇರವಾಗಿ ನಾಳಕ್ಕೆ ತಳ್ಳುವ ವಿಧಾನದ ಅಪಾಯವನ್ನು ಸೂಚನಾಪತ್ರ ಸಾಕಷ್ಟು ಎಚ್ಚರಿಸಿರಲಿಲ್ಲವೆಂದು ಜ್ಯೂರಿ ತೀರ್ಮಾನಿಸಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆಕೆಯ ಪರವಾಗಿ ನಿಂತಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಅಲಿಟೊ ಅವರು, ರೋಗಿ ನೋವೆಂದರೂ ಸಿಬ್ಬಂದಿ ಚುಚ್ಚುವುದನ್ನು ನಿಲ್ಲಿಸಲಿಲ್ಲ ಎಂಬುದರತ್ತ ಬೆರಳು ತೋರಿದರು. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಗ್ಯಾಂಗ್ರೀನ್ ಕುರಿತ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಮುದ್ರಿಸಲು ಆದೇಶಿಸಿತು.

4. ಶಿಮ್ಲಾ, 2006

ಹಿಮಾಚಲದ ಹಳ್ಳಿಯ ಮಹಿಳೆಯೊಬ್ಬರು 2006ರಲ್ಲಿ ಗರ್ಭಾಶಯದ ಸಣ್ಣ ಶಸ್ತ್ರಕ್ರಿಯೆಗೆಂದು ಶಿಮ್ಲಾದ ಸರ್ಕಾರಿ ಆಸ್ಪತ್ರೆಗೆ ಬಂದರು. ಶಸ್ತ್ರಕ್ರಿಯೆಗೆ ಮುನ್ನ ಬಲಗೈಗೆ ಫೆನರ್ಗನ್ ಮತ್ತು ನೋವುನಿವಾರಕ ಫೋರ್ಟ್‌ವಿನ್ ಕೊಡಲಾಯಿತು. ಆಕೆ ನೋವಿನಿಂದ ಚೀರಿದಾಗ ಸಿಕ್ಕ ಉತ್ತರ, ಗುಡ್ಡಗಾಡಿನ ಜನ ಸುಮ್ಮನೆ ಗದ್ದಲ ಮಾಡುತ್ತಾರೆ ಎಂಬುದು. ಕೊನೆಗೆ ಬಲತೋಳನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ರಾಜ್ಯ ಗ್ರಾಹಕ ಆಯೋಗಕ್ಕೆ ನಿರ್ಲಕ್ಷ್ಯ ಕಾಣಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ 2 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ 10 ಲಕ್ಷ ಸೇರಿಸಿತು.

ಈ ತೀರ್ಪಿನ ಎರಡು ಅಂಶಗಳು ಮುಖ್ಯ. ಒಂದು, ನೋವಿಗೆ ಸಿಕ್ಕ ಆ ಉತ್ತರವನ್ನು ನ್ಯಾಯಾಲಯ ಬರಿಯ ಒರಟುತನವೆಂದು ಬದಿಗಿಡದೆ ಪರಿಹಾರ ನಿರ್ಧರಿಸುವಾಗ ಲೆಕ್ಕಕ್ಕೆ ತಂದುಕೊಂಡಿತು. ಎರಡು, ಬಡತನದ, ಹಳ್ಳಿಯ ಹಿನ್ನೆಲೆ ಪರಿಹಾರವನ್ನು ತಗ್ಗಿಸುವ ಕಾರಣವಾಗಬಾರದು, ಅದನ್ನು ಹೆಚ್ಚಿಸುವ ಕಾರಣವೂ ಆಗಬಹುದು ಎಂದಿತು. ಸಂಬಳದ ಚೀಟಿಯಿಂದಲೇ ನಷ್ಟ ಅಳೆದರೆ ಮನೆಗೆಲಸ, ಹೊಲದ ಕೆಲಸ ಮಾಡುವ ಹೆಣ್ಣಿನ ಬಲಗೈಗೆ ಬೆಲೆಯೇ ಸಿಗುವುದಿಲ್ಲ. ಆದರೆ ಆ ಬದುಕು ನಿಂತಿರುವುದೇ ಆ ಕೈಯ ಮೇಲೆ. ಈ ತತ್ವ ಕೆಳಹಂತದ ಆಯೋಗಗಳಿಗೂ ಮಾರ್ಗದರ್ಶಿಯಾಗಬೇಕು.

5. ತೌಲನಿಕ ವಿವೇಚನೆ

ಹಾನಿಯ ಬಗೆ ಒಂದೇ ಆದರೂ ಕಾನೂನು ಹೊಣೆ ಹುಡುಕಿದ್ದು ಬೇರೆ ಬೇರೆ ಕಡೆ: ಅಲ್ಲಿ ಸೂಚನಾಪತ್ರದಲ್ಲಿ, ಇಲ್ಲಿ ರೋಗಿಯ ಹಾಸಿಗೆಯ ಬಳಿ. ಎರಡೂ ಅಗತ್ಯ. ಎಷ್ಟೇ ಸ್ಪಷ್ಟವಾದ ಎಚ್ಚರಿಕೆಯೂ ರೋಗಿಯ ಮಾತು ಕೇಳಿಸಿಕೊಳ್ಳುವವರಿಲ್ಲದಿದ್ದರೆ ನಿರುಪಯೋಗಿ. 1968ರಲ್ಲೇ ಲಕ್ಷ್ಮಣ್ ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯನ್ನು ಆಯ್ಕೆ ಮಾಡುವಾಗ ಮಾತ್ರವಲ್ಲ, ಅದನ್ನು ಕೊಡುವಾಗಲೂ ಎಚ್ಚರ ವೈದ್ಯರ ಕರ್ತವ್ಯ ಎಂದಿತ್ತು. ಬೋಲಂ ಸೂತ್ರ ಆಯ್ಕೆಯ ಪ್ರಶ್ನೆಗೆ ಒದಗುತ್ತದೆ. ನೋವೆಂದ ಮೇಲೂ ಸಿರಿಂಜ್ ಒತ್ತುವುದನ್ನು ಸಮರ್ಥಿಸುವ ಯಾವ ವೈದ್ಯಕೀಯ ಪಂಥವೂ ಇಲ್ಲ.

6. ಸಮಾರೋಪ

ರೋಗಿ ನೋವು ಹೇಳಿದ ಹೊತ್ತು, ಕೊಟ್ಟ ಮದ್ದು, ಕೈಗೊಂಡ ಕ್ರಮ, ಇವು ಕೇಸ್ ಶೀಟಿನಲ್ಲಿ ದಾಖಲಾಗಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲಿದೆ. ನೋವಿನ ನಮೂದೇ ಇಲ್ಲದ ದಾಖಲೆಯಿಂದ ದಾವೆ ಹೂಡಿದವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅಂಥ ನಮೂದು ಇಲ್ಲದಿದ್ದಾಗ, ಸರಿಯಾದ ಕ್ರಮ ಕೈಗೊಂಡೆವೆಂದು ಸಾಬೀತುಪಡಿಸುವ ಹೊಣೆಯನ್ನು ನ್ಯಾಯಾಲಯಗಳು ಆಸ್ಪತ್ರೆಯ ಮೇಲೆಯೇ ಹೊರಿಸಬೇಕು.