ಮಲತ್ಯಾಜ್ಯ ಗೊಬ್ಬರ
ಶೌಚಗುಂಡಿ, ಒಳಚರಂಡಿಗಳ ರಾಡಿಯನ್ನು ಸಂಸ್ಕರಿಸಿ ಪಡೆಯುವ ಗೊಬ್ಬರ. ಸಾರಜನಕ, ರಂಜಕಗಳು ಇದರಲ್ಲಿವೆ. ಪೊಟ್ಯಾಷ್ ಕಡಿಮೆ, ಅದು ನೀರಿನೊಡನೆ ಹರಿದುಹೋಗುತ್ತದೆ. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕಕ್ಕೆ ಟ್ಯಾಂಕರ್‌ಗಳು ಮನೆಗುಂಡಿಗಳ ರಾಡಿಯನ್ನು ತರುತ್ತವೆ. ಅದನ್ನು ಕೊಳೆಸಿ, ಒಣಗಿಸಿ, ಊರಿನ ಹಸಿಕಸದೊಡನೆ ಕಾಂಪೋಸ್ಟ್ ಮಾಡುತ್ತಾರೆ. ರಾಶಿಯ ಒಳಬಿಸಿ ದಿನಗಟ್ಟಲೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಜಂತುಹುಳುವಿನ ಮೊಟ್ಟೆಗಳು ಸಾಯುತ್ತವೆ. ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿಗೆ ಹಾಕುವುದಾದರೆ ಈ ಹಂತವನ್ನು ಬಿಡಲೇಬಾರದು. ಅಮೆರಿಕದ 1993ರ ನಿಯಮದಂತೆ, ಅರೆಸಂಸ್ಕರಿತ ರಾಡಿ ಹಾಕಿದ ನೆಲದಲ್ಲಿ ಮಣ್ಣಿಗೆ ತಾಗುವ ಫಸಲನ್ನು 14 ತಿಂಗಳು, ಗೆಡ್ಡೆಗಳನ್ನು ಸಂದರ್ಭಕ್ಕೆ ತಕ್ಕಂತೆ 20 ಅಥವಾ 38 ತಿಂಗಳು ಕೊಯ್ಯುವಂತಿಲ್ಲ. ಕಾರ್ಖಾನೆಯ ನೀರಿನೊಡನೆ ರಾಡಿಗೆ ಸೇರುವ ಕ್ಯಾಡ್ಮಿಯಂನಂಥ ಲೋಹ ಬಿಸಿಗೆ ಅಳಿಯದು. ಸೊಪ್ಪುಗಳು ಅದನ್ನು ಹೆಚ್ಚು ಹೀರುತ್ತವೆ. ಆದ್ದರಿಂದ ಕಾರ್ಖಾನೆಯ ನೀರು ಬೆರೆಯದ ಮನೆಗುಂಡಿಯ ರಾಡಿಯೇ ತರಕಾರಿಗೆ ಮೇಲು.